ಬರಸೀಮೆಯ ಅಂಬಿಗ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮ ಹಿರಿಯರಿಗೆ ದೋಣಿಯೆಂದರೆ ಭೀಮಾನದಿಯ ಹರಿಗೋಲು. ಸೇತುವೆಗಳಾಗುವ ಮುನ್ನ ಸಂತೆಗೆ, ಜಾತ್ರೆಗೆ, ಬೀಗರ ಮನೆಗೆ ಹೊರಟವರನ್ನು ಆಚೆ ದಡ ಮುಟ್ಟಿಸುತ್ತಿದ್ದುದು ಅದೇ. ಹುಟ್ಟು ಹಾಕುವ ಈ ಕಾಯಕವೇ ಒಲಿಂಪಿಕ್ಸ್‌ನಲ್ಲಿ 2000 ಮೀಟರಿನ ಸ್ಪರ್ಧೆಯಾಗಿದೆಯೆಂದರೆ ತೊಗರಿ ಹೊಲದ ನಮ್ಮ ಯುವಕರು ನಕ್ಕಾರು. ಬೇಸಿಗೆಯಲ್ಲಿ ಕೊಡ ನೀರಿಗೆ ಕಾಯುವ ನಾಡಿನಲ್ಲಿ ಜಲಕ್ರೀಡೆಯ ಮಾತೆಲ್ಲಿಯದು?

ಆದರೆ ದತ್ತು ಬಬನ್ ಭೋಕನಾಳ್ ಹುಟ್ಟಿದ್ದೂ ಇಂತಹುದೇ ಊರಿನಲ್ಲಿ. ನೆರೆಯ ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಚಾಂದವಡ ತಾಲ್ಲೂಕಿನ ತಳೇಗಾಂವ್ ರೋಹಿ ಆತನ ಗ್ರಾಮ, ಹುಟ್ಟಿದ್ದು 1991ರಲ್ಲಿ. ತಂದೆ ಬಾವಿ ತೋಡುವ ಕೂಲಿಕಾರರು. ಬಾಲಕನೂ ಅವರೊಡನೆ ಬಾವಿಗಿಳಿದು ಕಲ್ಲುಮಣ್ಣು ಹೊತ್ತವನೇ. ನೀರನ್ನು ಅರಸಿ ನೆಲವನ್ನು ಬಗೆದ ಆ ಕೈಗಳೇ ಮುಂದೆ ನೀರನ್ನು ಹಿಂದಕ್ಕೆ ತಳ್ಳುವ ವಿದ್ಯೆಯನ್ನು ಕಲಿತವು. 2011ರಲ್ಲಿ ತಂದೆ ತೀರಿಕೊಂಡರು. ಸಂಸಾರದ ಭಾರ ಹಿರಿಯ ಮಗನ ಹೆಗಲೇರಿತು. ಮರುವರ್ಷ ಆತ ಸೈನ್ಯವನ್ನು ಸೇರಿದ್ದು ಪದಕದ ಆಸೆಯಿಂದಲ್ಲ, ಸಂಬಳಕ್ಕಾಗಿ. ಇದನ್ನು ಹೇಳಲು ಸಂಕೋಚವೇಕೆ? ಪುಣೆ, ಮುಂಬಯಿ, ಸೊಲ್ಲಾಪುರಗಳಿಗೆ ದುಡಿಯಹೋದ ಮಕ್ಕಳು ನಮ್ಮ ಎಷ್ಟು ಕುಟುಂಬಗಳಲ್ಲಿಲ್ಲ!

ಆಳೆತ್ತರವನ್ನು ಮೀರಿದ ಈ ಯುವಕನನ್ನು ಪುಣೆಯ ಸೈನಿಕ ತರಬೇತಿ ಕೇಂದ್ರದಲ್ಲಿ ದೋಣಿಯ ಮೇಲೆ ಕೂರಿಸಿದರು. ಮೊದಮೊದಲು ಆತನಿಗೆ ನೀರೆಂದರೆ ಭಯವಿತ್ತಂತೆ. ತರಬೇತುದಾರ ಕುದ್ರತ್ ಅಲಿಯವರು ಭಯವನ್ನೂ ಬಿಡಿಸಿದರು, ವಿದ್ಯೆಯನ್ನೂ ಕಲಿಸಿದರು. ಏಕವ್ಯಕ್ತಿ ದೋಣಿಯೆಂಬುದು ಸುಮಾರು 8 ಮೀಟರ್ ಉದ್ದ, 14 ಕಿಲೋ ತೂಕದ ಸಪೂರ ವಸ್ತು. ಕೈ ತುಸು ತಪ್ಪಿದರೂ ಮಗುಚುತ್ತದೆ. ವಿಶೇಷವೇನೆಂದರೆ, ಅದನ್ನು ನಡೆಸುವವನು ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ನಾಳೆಗೆ ಬೆನ್ನು ತಿರುಗಿಸಿ ಇಂದಿನ ಕರ್ತವ್ಯದಲ್ಲಿ ತೊಡಗುವ ವಿಶ್ವಾಸಿಗೆ ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಇದೇ ಉಪಮೆಯನ್ನು ಬಳಸಿದ್ದಾನೆ. ಗುರುಮಠದಲ್ಲಿ ಓದಿದ್ದು ಕೆಲವೊಮ್ಮೆ ಹೀಗೆ ಎಲ್ಲಿಯೋ ನೆನಪಾಗುತ್ತದೆ, ವಾಚಕರು ಮನ್ನಿಸಬೇಕು.

2016ರ ವಸಂತದಲ್ಲಿ ದಕ್ಷಿಣ ಕೊರಿಯಾದ ಅರ್ಹತಾ ಸ್ಪರ್ಧೆಯಲ್ಲಿ ದತ್ತು ಎರಡನೆಯವನಾಗಿ ಒಲಿಂಪಿಕ್ಸ್‌ಗೆ ಆಯ್ಕೆಯಾದ. ಆದರೆ ಆ ಸಂತೋಷವನ್ನು ಹಂಚಿಕೊಳ್ಳಲು ತಾಯಿಗೆ ಪ್ರಜ್ಞೆಯಿರಲಿಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದು ಆಕೆ ಆಸ್ಪತ್ರೆಯಲ್ಲಿದ್ದರು. ಮಗನು ಹಾಸಿಗೆಯ ಬಳಿ ಕೂರಬೇಕೋ, ದೋಣಿಯಲ್ಲಿ ಕೂರಬೇಕೋ? ನೀತಿಶಾಸ್ತ್ರದ ಪುಸ್ತಕಗಳು ಇದಕ್ಕೆ ಸುಲಭದ ಉತ್ತರ ಕೊಡಲಾರವು. ಆತ ಹೋದ. ಆ ವರ್ಷ ರಿಯೋದಲ್ಲಿ ಈ ಕ್ರೀಡೆಗೆ ಭಾರತದಿಂದ ಬಂದವನು ಆತನೊಬ್ಬನೇ. ಕೊರ್ಕೊವಾಡೊ ಬೆಟ್ಟದ ಮೇಲೆ ಕೈಚಾಚಿ ನಿಂತ ಉದ್ಧಾರಕ ಕ್ರಿಸ್ತರ ಪ್ರತಿಮೆಯ ಕೆಳಗಿನ ಸರೋವರವೇ ಸ್ಪರ್ಧೆಯ ಕಣ. ಮೊದಲ ಸುತ್ತಿನಲ್ಲಿ 3ನೆಯವನಾಗಿ ಕ್ವಾರ್ಟರ್ ಫೈನಲ್ ತಲುಪಿದ ದತ್ತು, ಅಲ್ಲಿ 4ನೆಯವನಾಗಿ ಪದಕದ ದಾರಿಯಿಂದ ಹೊರಬಿದ್ದ. ಒಟ್ಟಾರೆ 13ನೆಯ ಸ್ಥಾನ ಪಡೆದ.

2018ರ ಏಷ್ಯನ್ ಕ್ರೀಡಾಕೂಟ ನಡೆದದ್ದು ಇಂಡೋನೇಷ್ಯಾದಲ್ಲಿ. ಪಾಲೆಂಬಾಂಗ್‌ನ ಕಣದಲ್ಲಿ ಆಗಸ್ಟ್ 23ರಂದು ಅಸ್ವಸ್ಥನಾಗಿದ್ದ ದತ್ತು ಏಕವ್ಯಕ್ತಿ ಫೈನಲ್‌ನಲ್ಲಿ ಕಟ್ಟಕಡೆಯವನಾದ. ಮರುದಿನ ಬೆಳಿಗ್ಗೆ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಅವರೊಡನೆ ನಾಲ್ವರ ದೋಣಿಯನ್ನೇರಿ, 6 ನಿಮಿಷ 17.13 ಸೆಕೆಂಡುಗಳಲ್ಲಿ ಚಿನ್ನ ಗೆದ್ದ.

ಕಥೆ ಇಲ್ಲಿಗೇ ಮುಗಿದಿದ್ದರೆ ಕೇಳಲು ಹಿತವಾಗಿರುತ್ತಿತ್ತು. ಸೋತ ದಿನ ನಡುವೆಯೇ ಹುಟ್ಟು ನಿಲ್ಲಿಸಿದನೆಂಬ ಅಶಿಸ್ತಿನ ಆರೋಪದ ಮೇಲೆ ಭಾರತೀಯ ರೋಯಿಂಗ್ ಫೆಡರೇಷನ್ 2019ರಲ್ಲಿ ಆತನಿಗೆ ಎರಡು ವರ್ಷಗಳ ನಿಷೇಧ ವಿಧಿಸಿತು. ತನ್ನ ಆರೋಗ್ಯ ಕೆಟ್ಟಿತ್ತೆಂಬುದು ಆತನ ವಾದ. ಶಿಸ್ತಿಲ್ಲದೆ ಸೈನ್ಯವೂ ಇಲ್ಲ, ಕ್ರೀಡೆಯೂ ಇಲ್ಲ, ಒಪ್ಪೋಣ. ಆದರೂ ಮರುದಿನವೇ ಚಿನ್ನ ತಂದವನಿಗೆ ವಿಧಿಸಿದ ಈ ಶಿಕ್ಷೆ ಅಳತೆ ಮೀರಿತ್ತೆಂಬುದೇ ನನ್ನ ಭಾವನೆ. ಒಲಿಂಪಿಕ್ಸ್‌ಗೆ ಸಿದ್ಧನಾಗಬೇಕಿದ್ದ ತಿಂಗಳುಗಳೇ ಅದರಲ್ಲಿ ಕಳೆದುಹೋದವು. 2020ರ ಜನವರಿಯಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಬಂತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಇಬ್ಬರ ದೋಣಿಯಲ್ಲಿ 11ನೆಯ ಸ್ಥಾನ ಗಳಿಸಿದಾಗ, ದತ್ತು ಆ ತಂಡದಲ್ಲಿರಲಿಲ್ಲ.