ಏಳು ದಿನಕ್ಕೊಮ್ಮೆ ಮಿಡಿಯುವ ನಕ್ಷತ್ರ

ಮಕ್ಕಳೇ, ಅಕ್ಟೋಬರ್ ತಿಂಗಳ ಸಂಜೆ ಏಳೂವರೆಗೆ ನೆತ್ತಿಯ ಬಳಿ ನೋಡಿ. ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳಿವೆ. ನಡುವೆ ಹೊಳೆಯುವುದು ಶ್ರವಣ. ಅದರ ದಕ್ಷಿಣಕ್ಕೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಕಡಿಮೆ ದೂರದಲ್ಲಿ, ಗರುಡ ಪುಂಜದ ‘ಈಟಾ’ ಮಂಕಾಗಿ ಕಾಣುತ್ತದೆ. ಪೇಟೆಯ ದೀಪಗಳ ಬೆಳಕಿನಲ್ಲಿ ಇದನ್ನು ಗುರುತಿಸುವುದು ಕಷ್ಟ. ಚಳ್ಳಕೆರೆ, ಮೊಳಕಾಲ್ಮೂರಿನ ಹಳ್ಳಿಗಳ ಹೊಲದ ಕತ್ತಲೆ ಇದಕ್ಕೆ ಅನುಕೂಲ.

ಇದು ಚಂಚಲ ನಕ್ಷತ್ರವೆಂದು 1784ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಪಿಗಟ್ ಕಂಡುಕೊಂಡರು. ಸುಮಾರು 7.2 ದಿನಗಳಿಗೊಮ್ಮೆ ಇದರ ಬೆಳಕು ಏರಿ ಇಳಿಯುತ್ತದೆ. ಕಾರಣವೇನು? ನಕ್ಷತ್ರ ಕುಗ್ಗಿದಾಗ ಹೊರಪದರದ ಹೀಲಿಯಂ ಅನಿಲ ಒಳಗಿನ ಶಾಖವನ್ನು ತಡೆಯುತ್ತದೆ. ಒತ್ತಡ ಹೆಚ್ಚಿ ನಕ್ಷತ್ರ ಹಿಗ್ಗುತ್ತದೆ. ಆಗ ಶಾಖ ಹೊರಹೋಗಿ ಮತ್ತೆ ಕುಗ್ಗುತ್ತದೆ.

ಇಂತಹ ನಕ್ಷತ್ರಗಳ ಮಿಡಿತ ನಿಧಾನವಾದಷ್ಟೂ ನಿಜವಾದ ಪ್ರಕಾಶ ಹೆಚ್ಚು ಎಂದು 1912ರಲ್ಲಿ ಹೆನ್ರಿಯೆಟಾ ಲೆವಿಟ್ ತೋರಿಸಿದರು. ನಿಜವಾದ ಪ್ರಕಾಶವನ್ನು ಕಾಣುವ ಪ್ರಕಾಶಕ್ಕೆ ಹೋಲಿಸಿದರೆ ದೂರ ತಿಳಿಯುತ್ತದೆ. ಬೇರೆ ಗೆಲಾಕ್ಸಿಗಳ ದೂರವನ್ನು ಅಳೆದದ್ದು ಹೀಗೆಯೇ.

ಮಾಡಿ ನೋಡಿ: ಹುಣ್ಣಿಮೆ ಕಳೆದ ಮೂರನೇ ದಿನದಿಂದ ಎರಡು ವಾರ, ಪ್ರತಿ ಸಂಜೆ ಈಟಾವನ್ನು ಅದರ ಪಶ್ಚಿಮದ ಎರಡು ಚುಕ್ಕೆಗಳಿಗೆ ಹೋಲಿಸಿ ಬರೆದಿಡಿ. ಹೆಚ್ಚು ಹೊಳೆಯುವುದು ಡೆಲ್ಟಾ, ಮಂಕಾದದ್ದು ಅಯೋಟಾ. ಈಟಾ ಯಾವ ದಿನ ಡೆಲ್ಟಾಕ್ಕೆ ಸಮೀಪ, ಯಾವ ದಿನ ಅಯೋಟಾದಷ್ಟು? ದೂರದರ್ಶಕ ಬೇಡ, ಕಣ್ಣು, ನೋಟ್‌ಬುಕ್ ಸಾಕು.