ಮಲ್ಲವಿದ್ಯೆಯ ವಿವಿಧ ಮಾರ್ಗಗಳು

ಆಯುಧದ ನೆರವಿಲ್ಲದೆ, ತೋಳ್ಬಲದಿಂದಲೂ ಯುಕ್ತಿಯಿಂದಲೂ ಎದುರಾಳಿಯನ್ನು ಹಿಡಿದು ಕೆಡಹುವ ವಿದ್ಯೆಯು ನಾನಾ ದೇಶಗಳಲ್ಲಿ ನಾನಾ ರೂಪಗಳನ್ನು ತಾಳಿದೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಚರ್ಚೆಯು ತರುಣರಲ್ಲಿ ಆಗಾಗ ಏಳುವುದುಂಟು. ಆದರೆ ‘ಸೋಲೆಂದರೇನು?’ ಎಂಬ ಪ್ರಶ್ನೆಗೆ ಆಯಾ ವಿದ್ಯೆಯು ನೀಡುವ ಉತ್ತರವನ್ನು ಅರಿಯದೆ ಈ ಚರ್ಚೆಯು ತೀರದು. ಸೋಲಿನ ಲಕ್ಷಣವೇ ಪಟ್ಟಿನ ಸ್ವರೂಪವನ್ನು ನಿರ್ಣಯಿಸುತ್ತದೆ.

ಮಹಾಭಾರತದ ಭೀಮ-ಜರಾಸಂಧರ ಮಲ್ಲಯುದ್ಧದಲ್ಲಿ ಮರಣವೇ ಸೋಲು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಾದರೋ ಅದು ‘ಮಲ್ಲವಿನೋದ’ವೆನಿಸಿ, ಮಲ್ಲರ ವರ್ಗ, ಆಹಾರ, ವ್ಯಾಯಾಮಗಳ ನಿರೂಪಣೆಗೆ ಪಾತ್ರವಾಯಿತು.

ನಮ್ಮ ಗರಡಿಮನೆಗಳ ಕುಸ್ತಿಯಲ್ಲಿ, ಎರಡೂ ಭುಜಗಳು ಮಣ್ಣಿಗೆ ತಾಗಿ ಚಿತ್ತಾದಾಗಲೇ ಸೋಲು. ಬೋರಲು ಬಿದ್ದವನು ಸೋತವನಲ್ಲ. ಆದುದರಿಂದಲೇ ಪೈಲ್ವಾನನು ನೆಲವನ್ನವಚಿಕೊಂಡು ಸಮಯ ಕಾಯಬಲ್ಲನು. ದಂಡ, ಬೈಠಕ್‌ಗಳಿಂದ ಗಳಿಸಿದ ದಮ್ಮೇ ಅವನ ಬಂಡವಾಳ.

ಒಲಿಂಪಿಕ್ ಕುಸ್ತಿಯಲ್ಲಿ ಎರಡು ಬಗೆ. ಗ್ರೀಕೋ-ರೋಮನ್ ಪದ್ಧತಿಯಲ್ಲಿ ಸೊಂಟದಿಂದ ಕೆಳಗೆ ಹಿಡಿಯುವಂತಿಲ್ಲ. ಕಾಲಿನಿಂದ ತೊಡಕುವಂತೆಯೂ ಇಲ್ಲ. ಫ್ರೀಸ್ಟೈಲ್‌ನಲ್ಲಿ ಇವೆರಡೂ ಸಮ್ಮತ. ಎರಡರಲ್ಲಿಯೂ ಚಿತ್ ಮಾಡಿದರೆ ಜಯ. ಇಲ್ಲವಾದರೆ ತಲಾ 3 ನಿಮಿಷಗಳ 2 ಸುತ್ತುಗಳಲ್ಲಿ ಗಳಿಸಿದ ಅಂಕಗಳೇ ನಿರ್ಣಾಯಕ. ಕಾಯುವವನಿಗಿಂತ ಮುನ್ನುಗ್ಗುವವನಿಗೆ ಇಲ್ಲಿ ಲಾಭ ಹೆಚ್ಚು.

ಜಪಾನಿನ ಜಿಗೊರೊ ಕಾನೊ 1882ರಲ್ಲಿ ಸ್ಥಾಪಿಸಿದ ಜೂಡೋ ಎಂಬುದಕ್ಕೆ ‘ಮೃದುಮಾರ್ಗ’ವೆಂದೇ ಅರ್ಥ. ಎದುರಾಳಿಯ ದಪ್ಪ ಅಂಗಿಯನ್ನು ಹಿಡಿದು, ಅವನ ವೇಗವನ್ನೇ ಬಳಸಿಕೊಂಡು ಬೆನ್ನಮೇಲೆ ರಭಸದಿಂದ ಕೆಡಹಿದರೆ ಪೂರ್ಣಜಯ. 20 ಸೆಕೆಂಡು ನೆಲಕ್ಕೆ ಒತ್ತಿಹಿಡಿದರೂ, ತೋಳಿನ ಅಥವಾ ಕೊರಳಿನ ಪಟ್ಟಿನಿಂದ ಸೋಲೊಪ್ಪಿಸಿದರೂ ಜಯವೇ. ಅದೇ ದೇಶದ ಸುಮೋದಲ್ಲಿ 4.55 ಮೀಟರು ವ್ಯಾಸದ ವೃತ್ತದಿಂದ ಹೊರಬಿದ್ದವನೂ, ಅಂಗಾಲಲ್ಲದೆ ಬೇರಾವ ಅಂಗವನ್ನಾದರೂ ನೆಲಕ್ಕೆ ತಾಗಿಸಿದವನೂ ಸೋತಂತೆ. ವೃತ್ತಿಪರ ಸುಮೋದಲ್ಲಿ ತೂಕದ ವಿಂಗಡಣೆಯಿಲ್ಲವಾಗಿ ದೇಹಭಾರವೇ ದೊಡ್ಡ ಬಲ.

ಎದುರಾಳಿಯ ಹಿಡಿತಕ್ಕೆ ಸಿಕ್ಕಿ ಬೋರಲು ಬಿದ್ದವನೊಬ್ಬನನ್ನು ಭಾವಿಸಿರಿ. ಗರಡಿಯಲ್ಲಿ ಅವನು ಸುರಕ್ಷಿತ; ಫ್ರೀಸ್ಟೈಲ್‌ನಲ್ಲಿ ಅಂಕ ಕಳೆದುಕೊಂಡವನು; ಸುಮೋದಲ್ಲಿ ಸೋತವನು. ದೇಹವೊಂದೇ, ತೀರ್ಪು ಮೂರು.

ಈ ಭೇದವನ್ನರಿಯದಿದ್ದರೆ ವರ್ಷಗಳ ಸಾಧನೆಯೂ ಕೈಕೊಡಬಹುದು. ಮಣ್ಣಿನ ಕಣದಲ್ಲಿ ಪಳಗಿದ ಮಹಾರಾಷ್ಟ್ರದ ಖಾಶಾಬಾ ಜಾಧವರಿಗೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟೂ ಹೊಸದು, ನಿಯಮಗಳೂ ಹೊಸವು. ದೊರೆತುದು 6ನೆಯ ಸ್ಥಾನ. ಆ ನಿಯಮಗಳನ್ನು ಕರಗತಮಾಡಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರು ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಪದಕ. ಮಣ್ಣು ಕೊಟ್ಟ ಬಲವು ವ್ಯರ್ಥವಾಗಲಿಲ್ಲ. ಅದಕ್ಕೆ ಮ್ಯಾಟಿನ ಅರಿವು ಕೂಡಿತು. ಇಂದು ಹಳ್ಳಿಯ ಗರಡಿಯಿಂದ ಹೊರಡುವ ಬಾಲಕನಿಗೂ ಇವೆರಡೂ ಬೇಕು.

ಜೂಡೋ ಕಲಿಯುವವನಿಗೆ ಮೊದಲು ಕಲಿಸುವುದು ಕೆಡಹುವುದನ್ನಲ್ಲ, ಪೆಟ್ಟಾಗದಂತೆ ಬೀಳುವುದನ್ನು. ಎದುರಾಳಿ ಸೋಲೊಪ್ಪಿ ಕೈ ತಟ್ಟಿದ ಕ್ಷಣವೇ ಪಟ್ಟನ್ನು ಸಡಿಲಿಸುವುದೂ ಅಲ್ಲಿನ ಪಾಠವೇ. ಬೀಳುವುದನ್ನೂ ಬಿಡುವುದನ್ನೂ ಅರಿತವನ ಕೈಯಲ್ಲಿ ಮಾತ್ರವೇ ಬಲವು ವಿದ್ಯೆಯೆನಿಸುತ್ತದೆ.