ಜೋಳದ ಅರಳೂ ತೇವದ ಹದವೂ

ಮುಸುಕಿನ ಜೋಳ, ಕಡಲೇಕಾಯಿ, ಬೆಲ್ಲ ಇವು ಮೂರೂ ನಮ್ಮ ಗ್ರಾಮಗಳಿಗೆ ಹೊಸವಲ್ಲ. ಸುಗ್ಗಿಯಾದೊಡನೆ ಇವು ಬಂದ ಬೆಲೆಗೆ ಮಂಡಿ ಸೇರುವುದೂ, ಮಿಕ್ಕದ್ದು ಮಳೆಗಾಲದಲ್ಲಿ ಮುಗ್ಗಿ ಕೆಡುವುದೂ ಪಟೇಲರಿಗೂ ಭೂಮಾಲೀಕರಿಗೂ ತಿಳಿದ ವಿಷಯವೇ. ಇಂಥವೇ ಪದಾರ್ಥಗಳಿಂದ ಅಮೆರಿಕಾ ದೇಶಕ್ಕೆ ವಲಸೆಹೋದ ಸೋದರರಿಬ್ಬರು ಹೆಸರಾಂತ ತಿನಿಸೊಂದನ್ನು ಸಿದ್ಧಪಡಿಸಿದ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಫ್ರೆಡರಿಕ್ ರೂಕ್‌ಹೈಮ್ ಎಂಬವರು ಜರ್ಮನಿಯವರು. 1871ರಲ್ಲಿ ಷಿಕಾಗೋ ನಗರದ ಬಹುಭಾಗವು ಬೆಂಕಿಗೆ ಆಹುತಿಯಾದ ತರುವಾಯ ಅವರು ಅಲ್ಲಿಗೆ ಹೋಗಿ, ಜೋಳವನ್ನು ಕೈಯಿಂದಲೇ ಹುರಿದು ಅರಳು ಮಾಡಿ ಮಾರತೊಡಗಿದರು. 1873ರಲ್ಲಿ ಅವರ ತಮ್ಮ ಲೂಯಿಯವರೂ ಬಂದು ಸೇರಿದರು. ಅರಳಿಗೆ ಹುರಿದ ಕಡಲೇಬೀಜವನ್ನು ಕೂಡಿಸಿ, ಕಬ್ಬಿನ ಕಾಕಂಬಿಯ ಪಾಕದಲ್ಲಿ ಹೊರಳಿಸಿದ ತಿನಿಸು ಇವರದು. ಇದರಲ್ಲಿ ತೇವವನ್ನು ಮೂರು ಎಡೆಗಳಲ್ಲಿ ಹದದಲ್ಲಿಡಬೇಕಾಗಿತ್ತು.

ಮೊದಲನೆಯದು ಕಾಳಿನಲ್ಲಿ. ಅರಳಿನ ಜೋಳವು ಗಟ್ಟಿ ಸಿಪ್ಪೆಯುಳ್ಳ ಪ್ರತ್ಯೇಕ ಜಾತಿ. ಸುಮಾರು 180 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಳಗಿನ ನೀರು ಆವಿಯಾಗಿ ಒತ್ತಿ ಸಿಪ್ಪೆಯನ್ನು ಒಡೆಯುವುದರಿಂದಲೇ ಕಾಳು ಅರಳುತ್ತದೆ. ಇದಕ್ಕೆ ಶೇಕಡ 14ರ ಸುಮಾರಿನ ತೇವವಿರಬೇಕು. ಅತಿಯಾಗಿ ಒಣಗಿದ ಕಾಳೂ, ಸಿಪ್ಪೆ ಬಿರಿದ ಕಾಳೂ ಸರಿಯಾಗಿ ಅರಳವು.

ಎರಡನೆಯದು ಪಾಕದಲ್ಲಿ. ಪಾಕ ಹತ್ತಿದ ಅರಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿತ್ತು. ಬಹುಕಾಲದ ಪ್ರಯೋಗದಿಂದ ಲೂಯಿಯವರು ಅದು ಬಿಡಿಬಿಡಿಯಾಗಿ ಉಳಿಯುವ ಉಪಾಯವನ್ನು ಕಂಡುಕೊಂಡರು. 1896ರಲ್ಲಿ ತಿನಿಸಿಗೆ "ಕ್ರ್ಯಾಕರ್ ಜ್ಯಾಕ್" ಎಂಬ ಹೆಸರಾಯಿತು.

ಮೂರನೆಯದು ಪೆಟ್ಟಿಗೆಯಲ್ಲಿ. ಗಾಳಿಯ ತೇವ ತಾಗಿದರೆ ಅರಳು ಮೆತ್ತಗಾಗುವುದು. 1899ರಲ್ಲಿ ಹೆನ್ರಿ ಎಕ್‌ಸ್ಟೀನ್ ಎಂಬವರು ಮೇಣದ ಕಾಗದದಿಂದ ಬಂದೋಬಸ್ತಾದ ಪೊಟ್ಟಣವನ್ನು ರೂಪಿಸಿದರು. ಬೀದಿಯಲ್ಲಿ ಅಂದಂದೇ ಮಾರಬೇಕಾಗಿದ್ದ ಪದಾರ್ಥವು ಇದರಿಂದ ದೂರದ ಊರುಗಳಿಗೂ ಕೆಡದೆ ಹೋಗುವಂತಾಯಿತು. ಎಕ್‌ಸ್ಟೀನರು ಮುಂದೆ ಆ ಉದ್ಯಮದ ಪಾಲುದಾರರಾದರು. 1912ರಿಂದ ಪ್ರತಿ ಪೊಟ್ಟಣದಲ್ಲಿಯೂ ಮಕ್ಕಳಿಗಾಗಿ ಒಂದು ಸಣ್ಣ ಬಹುಮಾನವನ್ನಿಡುವ ಪದ್ಧತಿ ಬಂದಿತು. 1964ರಲ್ಲಿ ಬೋರ್ಡನ್ ಕಂಪನಿಗೂ, 1997ರಲ್ಲಿ ಫ್ರಿಟೋ-ಲೇ ಕಂಪನಿಗೂ ಈ ತಿನಿಸಿನ ಒಡೆತನವು ಸೇರಿತು.

ಈ ಸೋದರರು ಬೆಳೆಯನ್ನು ಬೆಳೆದವರಲ್ಲ; ಬೆಳೆದದ್ದು ಕೆಡದಂತೆ ನೋಡಿಕೊಂಡವರು. ಲಾಭದ ಬಹುಪಾಲು ಅಂಥವರದಾಯಿತೆಂಬುದನ್ನು ಭೂಮಾಲೀಕರು ಮನಸ್ಸಿಗೆ ತಂದುಕೊಳ್ಳಬೇಕು. ಕಾರ್ಖಾನೆ ಎಲ್ಲರಿಗೂ ಸಾಧ್ಯವಿಲ್ಲ. ತೇವದ ಮೇಲಿನ ಎಚ್ಚರವಾದರೋ ಪ್ರತಿಯೊಂದು ಕಣದಲ್ಲಿಯೂ ಸಾಧ್ಯ. ಅದಕ್ಕಾಗಿ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಕಡಲೇಕಾಯನ್ನು ತೇವವು ಶೇಕಡ 8ಕ್ಕೆ ಇಳಿಯುವವರೆಗೆ ಒಣಗಿಸಿದ ಮೇಲೆಯೇ ಚೀಲ ತುಂಬಬೇಕು. ಕಾಯಿ ಅಲುಗಿಸಿದರೆ ಒಳಗೆ ಬೀಜವು ಗಲಗಲನೆ ಸದ್ದು ಮಾಡುವುದು ಒಣಗಿದ ಲಕ್ಷಣ.

2. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವನ್ನು ಬಿಡಬೇಕು. ಆ ತೇವದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದು. ಅದು ಮನುಷ್ಯರಿಗೂ ದನಗಳಿಗೂ ಯಕೃತ್ತಿನ ರೋಗವನ್ನು ತರುವುದು. ಹುರಿದರೂ ಪೂರ್ತಿ ನಾಶವಾಗದು.

3. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲೆ ಒಟ್ಟಬೇಕು.

ಗ್ರಾಮದ ಮುಖಂಡರು ತಮ್ಮ ಕಣದಲ್ಲಿ ಇದನ್ನು ಮೊದಲು ಆಚರಿಸಿ ತೋರಿಸಿದಲ್ಲಿ ಉಳಿದ ರೈತರೂ ಅನುಸರಿಸುವರು.